ಕಂಟ್ರೋಲ್ ಸಾಲು

ಮೋರಿಯ ಈಚೆಯ ತಗಡುಮನೆಗಳ ಸಾಲಿನ ಹೆಂಗಸರಿಗೆ ಖುಷಿಪಡಲು ಕಾರಣ ಸಿಗುವುದು ಅಪರೂಪ. ಆ ವರ್ಷ ಸಿಕ್ಕಿತು. ಸಿಕ್ಕಿದ್ದು ಒಂದು ಇಂಗ್ಲಿಷ್ ಪದ.

ನಲ್ಲಿಯ ಹತ್ತಿರ ಬಸುರಿಯರನ್ನೂ ಅವರ ಅಮ್ಮಂದಿರನ್ನೂ ಅತ್ತೆಯರನ್ನೂ ಕೂರಿಸಿಕೊಂಡು ಒಬ್ಬ ನರ್ಸಮ್ಮ ಕಾಗದ ಓದಿದಳು. ನರ್ಸಿಂಗ್ ಕಾಲೇಜಿನಿಂದ ಬಂದವಳು. ಹೆತ್ತ ಹೆಂಗಸರಿಗೆ ಬರುವ ಜ್ವರದ ಮೇಲೆ ಸಂಶೋಧನೆಯಂತೆ. ಚೀಟಿ ಎತ್ತಿದ ಹಾಗೆ ಅನ್ನಲು ಕಾಗದದಲ್ಲಿ 'ಯಾದೃಚ್ಛಿಕವಾಗಿ' ಅಂತ ಒಂದು ಪದವಿತ್ತು. ಅದನ್ನು ಓದಲು ಹೋಗಿ ನರ್ಸಮ್ಮನ ನಾಲಿಗೆಯೇ ತೊಡರಿತು. ಮತ್ತೆ ಓದಿದಳು, ಮತ್ತೆ ತೊಡರಿತು. ಹೆಂಗಸರು ಬಾಯಿಗೆ ಬಟ್ಟೆ ಅಡ್ಡ ಹಿಡಿದು ನಕ್ಕರು. ಬಿಸಿಲು ಏರುತ್ತಿತ್ತು, ಇನ್ನೂ ಬೇರೆ ಸಾಲುಗಳಿಗೆ ಹೋಗಬೇಕಿತ್ತು. ಅವಳು ಕಾಗದ ಮಡಚಿ ಬಾಯಿಮಾತಲ್ಲೇ ಹೇಳಿ ಮುಗಿಸಿದಳು:

"ನೋಡಿ, ಮೋರಿ ಆಚೆ ಸಾಲಿನವರಿಗೆ ಹೆರಿಗೆ ನೋವು ಶುರುವಾದಾಗ ಒಂದು ಮಾತ್ರೆ ಕೊಡ್ತೀವಿ. ನಿಮ್ಮ ಸಾಲು ಕಂಟ್ರೋಲ್. ಅಷ್ಟೇ."

ಕಂಟ್ರೋಲ್ ಅಂದರೆ ಏನು ಅಂತ ಆ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬಿಪಿ ಕಂಟ್ರೋಲಲ್ಲಿದೆ ಅಂತ ಡಾಕ್ಟರು ಹೇಳಿದರೆ ಆ ದಿನ ಮನೆಗೆ ನಗುತ್ತ ಬರಬಹುದು. ಶುಗರ್ ಕಂಟ್ರೋಲಿಗೆ ಬಂತು ಅಂದರೆ ಕಾಲು ಉಳಿಯಿತು. ಗಂಡ ಕಂಟ್ರೋಲಿಗೆ ಬಂದ ಅಂದರೆ ಬಾಟಲಿ ಬಿಟ್ಟ ಅಂತ ಅರ್ಥ, ಅದಂತೂ ಆ ಸಾಲಿನಲ್ಲಿ ಯಾರ ಮನೆಯಲ್ಲೂ ಆಗಿರಲಿಲ್ಲ.

"ಪಾಪ ಕಣ್ರೇ," ಅಂದಳು ಗಿಡ್ಡಕ್ಕ. ಮೊಳದುದ್ದದ ಹೆಂಗಸು, ಬಾಯಿ ಮಾತ್ರ ಸಾಲಿನ ಈ ತುದಿಯಿಂದ ಆ ತುದಿಗೆ ಕೇಳುವಂಥದ್ದು. "ಆಚೆಯವರಿಗೆ ಜಾಸ್ತಿ ಆಗಿದೆ ಅಂತ ಕಾಣತ್ತೆ. ಅದಕ್ಕೇ ಮಾತ್ರೆ. ನಮ್ದು ಕಂಟ್ರೋಲು!"

ಎಲ್ಲರೂ ನಕ್ಕರು. ನರ್ಸಮ್ಮ ಬ್ಯಾಗಿನ ಜಿಪ್ ಎಳೆಯುತ್ತಿದ್ದಳು. ಅವರು ಯಾಕೆ ನಗುತ್ತಿದ್ದಾರೆ ಅಂತ ಅವಳಿಗೆ ತಿಳಿಯಲಿಲ್ಲ. ಜೊತೆಗೆ ಅವಳೂ ನಕ್ಕಳು. ಆಮೇಲೆ ಒಬ್ಬೊಬ್ಬರಾಗಿ ಹೆಬ್ಬೆಟ್ಟು ಒತ್ತಿದರು, ತೋಳು ಚಾಚಿ ರಕ್ತ ಕೊಟ್ಟರು.

ಬ್ಲೀಚಕ್ಕನೂ ನಕ್ಕಳು. ಅವಳು ನಕ್ಕಿದ್ದು ಮಿಕ್ಕವರಿಗಿಂತ ಜಾಸ್ತಿ. ಅವಳ ಮಗಳು ಬಸುರಿ. ಹಿಂದಿನ ಬಸಿರು ನಿಂತಿರಲಿಲ್ಲ, ಇದು ನಿಂತಿತ್ತು. ಒಬ್ಬಳೇ ಮಗಳು. ಅವಳು ಹೆತ್ತು ಎದ್ದು ಓಡಾಡಿದರೆ ಸಾಕು, ಬೇರೇನೂ ಬೇಡ ಅಂತ ಬ್ಲೀಚಕ್ಕ ಎದ್ದರೂ ಕೂತರೂ ಅದನ್ನೇ ಜಪಿಸುತ್ತಿದ್ದಳು. ಈಗ ಓದಿದ ನರ್ಸಮ್ಮನೇ ಬಂದು ನಿಮ್ಮ ಸಾಲು ಕಂಟ್ರೋಲ್ ಅಂದಮೇಲೆ ಎದೆಯ ಮೇಲಿನ ಕಲ್ಲು ಸ್ವಲ್ಪ ಸರಿದಂತಾಯಿತು.

ಬ್ಲೀಚಕ್ಕ ಅಂತ ಹೆಸರಿಟ್ಟಿದ್ದು ಸಾಲಿನ ಹುಡುಗರು. ಅವಳು ಮೂಲೆ ತಿರುಗುವ ಮೊದಲೇ ಅವಳ ವಾಸನೆ ತಿರುಗುತ್ತಿತ್ತು. ದೊಡ್ಡಾಸ್ಪತ್ರೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಹೆರಿಗೆ ವಾರ್ಡಿನ ಚಾದರ ಒಗೆಯುವುದು ಅವಳ ಕೆಲಸ. ಆಸ್ಪತ್ರೆಯ ಕೆಲಸದವಳಲ್ಲ, ಗುತ್ತಿಗೆದಾರನ ಆಳು. ಒಗೆಯುವ ಮಷೀನು ಒಂದಿತ್ತು. ಅದು ಕೆಟ್ಟು ನಿಂತು, ಅದರ ಹೊಟ್ಟೆಯೊಳಗೆ ಬೆಕ್ಕು ಮರಿ ಹಾಕಿತ್ತು. "ಈ ಆಸ್ಪತ್ರೇಲಿ ನೆಮ್ಮದಿಯಾಗಿ ಹೆತ್ತಿದ್ದು ಇದೊಂದೇ ನೋಡಮ್ಮ," ಅಂತ ಮಗಳು ಮರಿಗಳ ತಲೆ ಸವರುತ್ತಿದ್ದಳು.

ಮಗಳೂ ಅದೇ ಕೆಲಸದವಳು. ಚಾದರದ ಗಂಟು ಬಂದ ಕೂಡಲೇ ಬಿಚ್ಚಬೇಕು. ಬಿಚ್ಚಿ ಕೈಯಾಡಿಸಬೇಕು. ಹತ್ತಿ ಸಿಗುತ್ತದೆ, ಸೂಜಿ ಸಿಗುತ್ತದೆ, ಒಮ್ಮೊಮ್ಮೆ ಮಾಸು ಸಿಗುತ್ತದೆ. ಆಮೇಲೆ ತಣ್ಣೀರಿನ ತೊಟ್ಟಿಯಲ್ಲಿ ತುಳಿಯಬೇಕು. ನೀರು ಕೆಂಪಾಗುತ್ತದೆ, ಚೆಲ್ಲಬೇಕು, ಮತ್ತೆ ತುಂಬಬೇಕು, ಮತ್ತೆ ತುಳಿಯಬೇಕು. ನೀರು ತಿಳಿಯಾದ ಮೇಲೆ ಬ್ಲೀಚಿಂಗ್ ಪೌಡರಿನ ತೊಟ್ಟಿ. ಮೊಣಕೈ ತನಕ ಕೈ ಮುಳುಗಿಸಿ ಹಿಂಡಬೇಕು. ಕಣ್ಣು ಉರಿಯುತ್ತದೆ, ಗಂಟಲು ಕೆರೆಯುತ್ತದೆ, ಬೆರಳ ಸಂದಿ ಸೀಳುತ್ತದೆ. ಸೀಳಿದ ಸಂದಿಯಲ್ಲೇ ಮಾರನೇ ದಿನದ ಗಂಟು ಬಿಚ್ಚಬೇಕು. ಕೈಗವಸು ಇದ್ದವು. ಅವು ಗುತ್ತಿಗೆದಾರನ ಬೀರುವಿನಲ್ಲಿದ್ದವು. ತನಿಖೆಯವರು ಬಂದ ದಿನ ಹೊರಗೆ ಬರುತ್ತಿದ್ದವು, ಫೋಟೋ ತೆಗೆಸಿಕೊಂಡು ಒಳಗೆ ಹೋಗುತ್ತಿದ್ದವು.

ಹೊಟ್ಟೆ ತೊಟ್ಟಿಯ ಅಂಚಿಗೆ ತಾಗುವವರೆಗೂ ಮಗಳು ತುಳಿದಳು. ತಾಗತೊಡಗಿದ ಮೇಲೆ ಗುತ್ತಿಗೆದಾರ, "ಇವಳು ಬಗ್ಗೋಕಾಗಲ್ಲ, ನಾಳೆಯಿಂದ ಬೇಡ," ಅಂದ. ಅವಳ ಗಂಡ ಲಾರಿಯ ಕ್ಲೀನರು. ಲಾರಿ ಯಾವ ಊರಿಗೆ ಹೋದರೆ ಅವನೂ ಆ ಊರಿನವನು. ಹಾಗಾಗಿ ಮಗಳು ಅಮ್ಮನ ಮನೆಯಲ್ಲೇ ಇದ್ದಳು.

ನರ್ಸಮ್ಮ ವಾರ ವಾರ ಬಂದಳು. ಬಂದಾಗೆಲ್ಲ ಪ್ರಶ್ನೆ ಕೇಳುತ್ತಿದ್ದುದರಿಂದ ಅವಳಿಗೆ ಪ್ರಶ್ನೆ ಸಿಸ್ಟರ್ ಅಂತ ಹೆಸರಾಯಿತು. ನೀರು ಎಲ್ಲಿಂದ ತರುತ್ತೀರಿ? ಕಕ್ಕಸಿಗೆ ಎಲ್ಲಿಗೆ ಹೋಗುತ್ತೀರಿ? ಮನೆಯಲ್ಲಿ ಕಿಟಕಿ ಎಷ್ಟು?

"ಕಿಟಕಿ ಎಲ್ಲಿಂದ ಬರ್ಬೇಕು ಸಿಸ್ಟರ್? ಗೋಡೆ ಇದ್ರೆ ತಾನೆ ಕಿಟಕಿ?" ಅಂದಳು ಮಗಳು. ಮನೆಯ ಮೂರು ಕಡೆ ತಗಡು, ಒಂದು ಕಡೆ ಫ್ಲೆಕ್ಸ್ ಬ್ಯಾನರು. ಬ್ಯಾನರಿನಲ್ಲಿ ಯಾವನೋ ಮುಖಂಡ ಕೈ ಮುಗಿದು ನಿಂತಿದ್ದ.

ಪ್ರಶ್ನೆ ಸಿಸ್ಟರ್ ಕೆಟ್ಟವಳಲ್ಲ. ಇದನ್ನು ಹೇಳಲೇಬೇಕು. ಚಹಾ ಕೊಟ್ಟರೆ ಕುಡಿಯುತ್ತಿದ್ದಳು. ಲೋಟದ ಅಂಚು ಒರೆಸಿಕೊಳ್ಳುತ್ತಿರಲಿಲ್ಲ. ಮಗಳ ಬಿಪಿ ನೋಡುತ್ತಿದ್ದಳು, ಹೊಟ್ಟೆಯ ಮೇಲೆ ಟೇಪು ಹಿಡಿಯುತ್ತಿದ್ದಳು, ಮಗುವಿನ ಎದೆಬಡಿತ ಕೇಳಿಸುತ್ತಿದ್ದಳು. ಆ ಟಕಟಕ ಕೇಳಿ ಬ್ಲೀಚಕ್ಕ ಅತ್ತುಬಿಟ್ಟಿದ್ದಳು. ಹೋಗುವಾಗ ರಕ್ತ ತೆಗೆದುಕೊಳ್ಳುತ್ತಿದ್ದಳು. ಮಗಳು ತಮಾಷೆ ಮಾಡುತ್ತಿದ್ದಳು: "ಎಷ್ಟು ಕುಡೀತೀರಿ ಸಿಸ್ಟರ್, ನಮ್ಮ ಸೊಳ್ಳೆಗಳಿಗೂ ಸ್ವಲ್ಪ ಬಿಡಿ." ಸಿಸ್ಟರ್ ನಗುತ್ತಿದ್ದಳು. ಕೆಟ್ಟವಳಾಗಿದ್ದರೆ ಈ ಕಥೆ ಸುಲಭವಾಗುತ್ತಿತ್ತು.

ಮಗಳಿಗೆ ನೀರು ಒಡೆದಿದ್ದು ಬೆಳಗಾದ ಮೇಲೆ, ನಲ್ಲಿಯ ಹತ್ತಿರ. ಬ್ಲೀಚಕ್ಕ ಅವಳನ್ನು ಆಟೋದಲ್ಲಿ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿ ಒಂದೊಂದು ಹಾಸಿಗೆಯಲ್ಲಿ ಇಬ್ಬಿಬ್ಬರು ಮಲಗಿದ್ದರು. ಡ್ಯೂಟಿ ಡಾಕ್ಟರಮ್ಮ ಕೈ ಹಾಕಿ ನೋಡಿ, "ಇನ್ನೂ ತುಂಬಾ ಹೊತ್ತಿದೆ. ಮನೆಗೆ ಹೋಗಿ, ನೋವು ಜೋರಾದ ಮೇಲೆ ಬನ್ನಿ," ಅಂದರು.

"ನೀರು ಹೋಗಿಬಿಟ್ಟಿದೆ ಡಾಕ್ಟರಮ್ಮಾ."

"ಮಲಗಿಸೋಕೆ ಜಾಗ ಎಲ್ಲಿದೆ ನೀನೇ ತೋರ್ಸು."

"ನಾನು ಇಲ್ಲೇ ಚಾದರ ಒಗೆಯೋಳು. ಹಿಂದಿನ ಶೆಡ್ಡಲ್ಲಿ..."

"ಒಳ್ಳೇದು," ಅಂದರು ಡಾಕ್ಟರಮ್ಮ, ಮುಂದಿನವಳ ಕಡೆ ತಿರುಗಿದರು.

ಹಾಗೆ ಅವರು ವಾಪಸಾದರು. ಮೋರಿಯ ಮೇಲೆ ಸಿಮೆಂಟಿನ ಹಲಗೆಯ ಸೇತುವೆ. ಆಟೋ ಅಲ್ಲಿಯವರೆಗೆ ಮಾತ್ರ. ಮಗಳು ಹೊಟ್ಟೆ ಹಿಡಿದುಕೊಂಡು ಇಳಿಯುತ್ತಿದ್ದಾಗ ಎದುರಿಗೆ ಪ್ರಶ್ನೆ ಸಿಸ್ಟರ್ ಬಂದಳು. ಅವಸರದಲ್ಲಿದ್ದಳು. ಬ್ಲೀಚಕ್ಕನಿಗೆ ಹೋದ ಜೀವ ಬಂದಂತಾಯಿತು.

"ಸಿಸ್ಟರ್, ಸಿಸ್ಟರ್! ದೇವ್ರು ಬಂದ ಹಾಗೆ ಬಂದ್ರಿ. ನೀರು ಹೋಗಿದೆ. ಆಸ್ಪತ್ರೇಲಿ ವಾಪಸ್ ಕಳ್ಸಿದ್ರು. ನಿಮ್ಮ ಹತ್ರ ಆ ಮಾತ್ರೆ ಇದೆಯಲ್ಲ, ಒಂದು ಕೊಟ್ಬಿಡಿ."

ಸಿಸ್ಟರ್ ಮಗಳ ನಾಡಿ ಹಿಡಿದಳು. ಹಣೆ ಮುಟ್ಟಿದಳು. ಬ್ಯಾಗು ಮಾತ್ರ ಬಿಚ್ಚಲಿಲ್ಲ.

"ಅಕ್ಕ, ನಿಮಗೆ ಕೊಡೋ ಹಾಗಿಲ್ಲ. ನಿಮ್ಮದು ಕಂಟ್ರೋಲ್."

"ಅದಕ್ಕೇ ಅಲ್ವಾ ಕೇಳ್ತಿರೋದು! ಇಷ್ಟು ದಿನ ಕಂಟ್ರೋಲಲ್ಲಿತ್ತು. ಈಗ ತಪ್ತಾ ಇದೆಯಲ್ಲ."

ಸಿಸ್ಟರ್ ಬ್ಲೀಚಕ್ಕನ ಮುಖ ನೋಡಿದಳು. ನಲ್ಲಿಯ ಹತ್ತಿರ ಆ ಹೆಂಗಸರು ಯಾಕೆ ನಕ್ಕಿದ್ದರು ಅಂತ ಅವಳಿಗೆ ಈಗ ಗೊತ್ತಾಯಿತು.

"ಹಾಗಲ್ಲ ಅಕ್ಕ. ಕಂಟ್ರೋಲ್ ಅಂದ್ರೆ ಅದಲ್ಲ."

"ಮತ್ತೆ?"

"ಕಂಟ್ರೋಲ್ ಅಂದ್ರೆ... ಒಂದು ಕಡೆ ಮಾತ್ರೆ ಕೊಡ್ತೀವಿ. ಒಂದು ಕಡೆ ಕೊಡದೆ ನೋಡ್ತೀವಿ. ಎರಡನ್ನೂ ಹೋಲಿಸ್ತೀವಿ. ಆಗ ಮಾತ್ರೆಯಿಂದ ಉಪಯೋಗ ಇದೆಯಾ ಇಲ್ವಾ ಗೊತ್ತಾಗತ್ತೆ."

"ಕೊಡದೆ ಏನು ನೋಡ್ತೀರಿ?"

ಸೇತುವೆಯ ಕೆಳಗೆ ಮೋರಿ ಹರಿಯುತ್ತಿತ್ತು. ಮಗಳು ಅಂಚಿನ ಕಂಬಿ ಹಿಡಿದು ಹಲ್ಲು ಕಚ್ಚಿದಳು.

"ಅಂದ್ರೆ ನಾವು ಸಾಯ್ತೀವಾ ಇಲ್ವಾ ಅಂತ ನೋಡ್ತಾ ಇದ್ದೀರಾ?" ಅಂದಳು ಮಗಳು. ನೋವಿನ ಮಧ್ಯೆಯೂ ಅವಳ ಬಾಯಿ ಚುರುಕು.

"ಹಾಗೆಲ್ಲ ಅನ್ಬೇಡಮ್ಮ. ನಾನು ಕಾಗದದಲ್ಲಿ ಓದಿ ಹೇಳಿದ್ನಲ್ಲ."

"ಏನು ಓದಿದ್ರಿ? ನಿಮಗೇ ಓದೋಕೆ ಬರ್ಲಿಲ್ಲ."

ಬ್ಲೀಚಕ್ಕ ಸಿಸ್ಟರಿನ ಕೈ ಹಿಡಿದಳು. ಆಮೇಲೆ ಕಾಲು ಹಿಡಿದಳು. ಸೇತುವೆಯ ಮೇಲೆ, ಹೋಗಿ ಬರುವವರ ಮುಂದೆ, ಮಂಡಿಯೂರಿ ಕೂತು ಬಿಳಿ ಬೂಟು ಹಿಡಿದುಕೊಂಡಳು. "ಒಂದೇ ಒಂದು. ಯಾರಿಗೂ ಹೇಳಲ್ಲ. ಬಿದ್ದು ಹೋಯ್ತು ಅನ್ನಿ. ಕಳೆದುಹೋಯ್ತು ಅನ್ನಿ. ಮಾತ್ರೆ ಬಿದ್ದು ಹೋಗಲ್ವಾ ಎಲ್ಲೂ?"

"ಒಂದೊಂದಕ್ಕೂ ನಂಬರಿದೆ ಅಕ್ಕ. ಕೊಟ್ಟರೆ ನನ್ನನ್ನ ತೆಗೀತಾರೆ. ನನ್ನ ಓದು ಹೋಗತ್ತೆ. ನಮ್ಮ ಮನೇಲಿ ಓದಿದವಳು ನಾನೊಬ್ಬಳೇ." ಸಿಸ್ಟರಿನ ಕಣ್ಣು ತುಂಬಿತ್ತು. "ನೋವು ಜೋರಾದ ಕೂಡ್ಲೇ ಆಸ್ಪತ್ರೆಗೆ ಹೋಗಿ. ಅಲ್ಲಿ ನೋಡ್ಕೊಳ್ತಾರೆ. ನನಗೆ ಆಚೆ ಹೋಗ್ಬೇಕು, ಅಲ್ಲೊಬ್ಬರಿಗೆ ನೋವು ಶುರುವಾಗಿದೆ."

ಕಾಲು ಬಿಡಿಸಿಕೊಂಡಳು. ಮೆಲ್ಲಗೇ ಬಿಡಿಸಿಕೊಂಡಳು, ಒದೆಯಲಿಲ್ಲ. ಸೇತುವೆ ದಾಟಿ ಆಚೆ ಸಾಲಿನ ಒಂದು ಮನೆಯೊಳಗೆ ಹೋದಳು. ಆ ಮನೆಗೂ ಮೂರು ಕಡೆ ತಗಡೇ. ಮಾತ್ರೆ ಅಲ್ಲಿಗೆ ಹೋಯಿತು. ಈ ಕಡೆ ಬರಬೇಕಾದರೆ ಮೋರಿಯ ಅಗಲ ದಾಟಬೇಕಿತ್ತು, ಅಷ್ಟೇ.

ನೋವು ಜೋರಾದಾಗ ಆಸ್ಪತ್ರೆಗೆ ಹೋಗಲು ಪುರಸೊತ್ತು ಸಿಗಲಿಲ್ಲ. ಅದೇ ದಿನ ಹೊತ್ತಿಳಿಯುವ ಮೊದಲು, ಕೈಮುಗಿದ ಮುಖಂಡನ ಬ್ಯಾನರಿನ ಕೆಳಗೆ, ನೆಲದ ಮೇಲೆ ಮಗಳು ಹೆತ್ತಳು. ಗಿಡ್ಡಕ್ಕ ತೋಳು ಹಿಡಿದಿದ್ದಳು. ಬ್ಲೀಚಕ್ಕ ಮಗುವನ್ನು ಹೊರಗೆ ತೆಗೆದಳು. ಹೆಣ್ಣು. ಅತ್ತಿತು. ಗಿಡ್ಡಕ್ಕ ಹೊರಗೆ ಹೋಗಿ ಸಾಲಿಗೆಲ್ಲ ಕೇಳುವ ಹಾಗೆ ಕೂಗಿ ಹೇಳಿದಳು. ಮಗಳು ಬೆವರಿನ ಮುಖದಲ್ಲಿ ನಕ್ಕು, "ಯಾರ ಹಂಗೂ ಇಲ್ಲದೆ ಹೆತ್ತೆ ನೋಡಮ್ಮ, ಬೆಕ್ಕಿನ ಹಾಗೆ," ಅಂದಳು.

ಎರಡು ದಿನ ಚೆನ್ನಾಗಿದ್ದಳು. ಆಮೇಲೆ ನಡುಕ ಬಂತು. ಹಲ್ಲು ಹಲ್ಲಿಗೆ ಬಡಿಯುವ ನಡುಕ. ಮನೆಯಲ್ಲಿದ್ದ ಬಟ್ಟೆಯನ್ನೆಲ್ಲ ಹೊದಿಸಿದರೂ ನಿಲ್ಲಲಿಲ್ಲ. ಆಮೇಲೆ ಮೈ ಸುಟ್ಟಿತು. ಬ್ಲೀಚಕ್ಕ ಅವಳ ಕೆಳಗಿನ ಬಟ್ಟೆ ಬದಲಾಯಿಸುವಾಗ ವಾಸನೆ ಬಂತು. ಆ ವಾಸನೆ ಅವಳಿಗೆ ಹೊಸದಲ್ಲ. ಒಮ್ಮೊಮ್ಮೆ ಗಂಟು ಬಿಚ್ಚಿದರೆ ಬರುತ್ತಿತ್ತು. ಅಂಥ ಚಾದರದಲ್ಲಿ ಮಲಗಿದ್ದವಳು ಏನಾದಳು ಅಂತ ಅವಳು ಯಾವತ್ತೂ ಕೇಳಿರಲಿಲ್ಲ. ಕೇಳಲು ಧೈರ್ಯವಿರಲಿಲ್ಲ.

ಆಸ್ಪತ್ರೆಯಲ್ಲಿ ಹಾಸಿಗೆ ಆಗಲೂ ಇರಲಿಲ್ಲ. ವರಾಂಡದಲ್ಲಿ, ಮೆಟ್ಟಿಲ ಪಕ್ಕ, ಬರಿಯ ನೆಲದ ಮೇಲೆ ಮಲಗಿಸಿದರು. "ಒಂದು ಚಾದರ ಕೊಡಿ," ಅಂತ ಬ್ಲೀಚಕ್ಕ ಆಯಾಳನ್ನು ಕೇಳಿದಳು. "ಒಗೆದು ಬಂದಿಲ್ಲ," ಅಂದಳು ಆಯಾ. ಒಗೆಯುವವಳು ನಾಲ್ಕು ದಿನದಿಂದ ಕೆಲಸಕ್ಕೆ ಹೋಗಿರಲಿಲ್ಲ. ಒಗೆಯುವವಳು ಅಲ್ಲೇ ನಿಂತಿದ್ದಳು.

ಸೂಜಿ ಚುಚ್ಚಿದರು. ಬಾಟಲಿ ಏರಿಸಿದರು. ಬಾಟಲಿ ನೇತುಹಾಕಲು ಕಂಬ ಇರಲಿಲ್ಲ, ಬ್ಲೀಚಕ್ಕನೇ ಎತ್ತಿ ಹಿಡಿದು ನಿಂತಳು. ತೋಳು ಮರಗಟ್ಟಿದರೂ ಇಳಿಸಲಿಲ್ಲ. ಜನ ಮಗಳ ಕಾಲು ದಾಟಿಕೊಂಡು ಮೆಟ್ಟಿಲು ಹತ್ತಿದರು, ಇಳಿದರು. ಮಗಳು ಏನೇನೋ ಬಡಬಡಿಸಿದಳು. ಬೆಕ್ಕಿಗೆ ಅನ್ನ ಹಾಕು ಅಂದಳು. ತೊಟ್ಟಿ ತುಂಬಿತು ನಲ್ಲಿ ನಿಲ್ಲಿಸು ಅಂದಳು. ಮಾರನೇ ದಿನ ಮಧ್ಯಾಹ್ನ, ಊಟದ ಗಾಡಿ ಗಡಗಡ ಹೋಗುತ್ತಿದ್ದಾಗ, ಸುಮ್ಮನಾದಳು. ಅವಳು ಹೋದಮೇಲೂ ಬ್ಲೀಚಕ್ಕ ಬಾಟಲಿ ಹಿಡಿದುಕೊಂಡೇ ನಿಂತಿದ್ದಳು. ಯಾರೋ ಬಂದು ಕೈಯಿಂದ ತೆಗೆದುಕೊಂಡರು.

ಅಳಿಯನಿಗೆ ಸುದ್ದಿ ಮುಟ್ಟಿ ಅವನು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವನು ಮಗುವಿನ ಮುಖ ನೋಡಿದ, ಅತ್ತ, ಮತ್ತೆ ಲಾರಿ ಹತ್ತಿದ. ಲಾರಿ ಹತ್ತದಿದ್ದರೆ ಆ ಕೆಲಸವೂ ಇರುತ್ತಿರಲಿಲ್ಲ.

ಕೆಲವು ದಿನ ಕಳೆದ ಮೇಲೆ ಅವರು ಬಂದರು. ಪ್ರಶ್ನೆ ಸಿಸ್ಟರ್ ಜೊತೆ ಈ ಸಲ ದೊಡ್ಡ ಮೇಡಂ. ನರ್ಸಿಂಗ್ ಕಾಲೇಜಿನಲ್ಲಿ ಪಾಠ ಹೇಳುವವರು, ಸಂಶೋಧನೆಯ ಯಜಮಾನಿ. ನರೆತ ಕೂದಲು, ಮೆತ್ತನೆಯ ಮಾತು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬಗ್ಗಿ ಒಳಗೆ ಬಂದರು, ನೆಲದ ಮೇಲೇ ಕೂತರು. ಮಗು ಮೂಲೆಯಲ್ಲಿ ಮಲಗಿತ್ತು. ಸಿಸ್ಟರ್ ತಲೆ ಎತ್ತಲಿಲ್ಲ.

"ನಿಮ್ಮ ದುಃಖ ನನಗೆ ಅರ್ಥ ಆಗತ್ತಮ್ಮ," ಅಂದರು ಮೇಡಂ. "ಆದ್ರೂ ಕೆಲವು ವಿಷಯ ಕೇಳ್ಲೇಬೇಕು. ಹೇಳ್ತೀರಾ?"

"ಕೇಳಿ."

"ಜ್ವರ ಯಾವತ್ತು ಶುರುವಾಯ್ತು?"

ಹೇಳಿದಳು.

"ನಡುಕ ಇತ್ತಾ?"

"ಇತ್ತು."

"ವಾಸನೆ?"

"ಇತ್ತು."

ಸಿಸ್ಟರ್ ಟ್ಯಾಬಿನ ಮೇಲೆ ಬೆರಳಾಡಿಸುತ್ತಿದ್ದಳು. ಪ್ರತಿ ಉತ್ತರಕ್ಕೂ ಟಿಕ್ ಅನ್ನುವ ಸಣ್ಣ ಸದ್ದು.

"ಹೆರಿಗೆ ಯಾರು ಮಾಡಿಸಿದ್ರು?"

"ನಾನೇ."

"ಮುಟ್ಟೋ ಮೊದ್ಲು ಕೈ ತೊಳ್ಕೊಂಡಿದ್ರಾ?"

ಬ್ಲೀಚಕ್ಕ ಮಾತಾಡಲಿಲ್ಲ.

"ಸೋಪಲ್ಲಿ ತೊಳೆದ್ರಾ, ಬರೀ ನೀರಲ್ಲಾ, ತೊಳೆಯೋಕೆ ಆಗ್ಲಿಲ್ವಾ? ಮೂರರಲ್ಲಿ ಒಂದು ಹೇಳಿದ್ರೆ ಸಾಕು."

ಅವಳು ಎರಡೂ ಕೈ ಮುಂದೆ ಚಾಚಿದಳು. ಅಂಗೈ ಬೆಳ್ಳಗೆ ಸುಲಿದಿತ್ತು. ಉಗುರು ಅರ್ಧಕ್ಕರ್ಧ ಸವೆದುಹೋಗಿದ್ದವು. ಬೆರಳ ಸಂದಿಯ ಸೀಳುಗಳಲ್ಲಿ ರಕ್ತ ಒಣಗಿತ್ತು.

"ದೊಡ್ಡಾಸ್ಪತ್ರೆ ಹೆರಿಗೆ ಬಟ್ಟೆ ಒಗೆದ ಕೈ ಇದು," ಅಂದಳು. "ಊರವರ ಬಸುರಿ ಬಾಣಂತಿಯರ ರಕ್ತ ತೊಳೆದ ಕೈ. ಇನ್ನೂ ಎಷ್ಟು ತೊಳೀಬೇಕಿತ್ತು?"

"ಬೇಜಾರು ಮಾಡ್ಕೋಬೇಡಿ. ನಿಮ್ಮ ತಪ್ಪು ಹುಡುಕೋಕಲ್ಲ. ಎಲ್ಲರನ್ನೂ ಕೇಳೋ ಪ್ರಶ್ನೆ."

"ನಂದೂ ಒಂದು ಪ್ರಶ್ನೆ ಇದೆ. ಆ ಮಾತ್ರೆ ಕೊಟ್ಟಿದ್ರೆ ಅವಳು ಉಳೀತಿದ್ಲಾ?"

"ಅದು ನಮಗೂ ಗೊತ್ತಿಲ್ಲ. ತಿಳ್ಕೊಳ್ಳೋಕೇ ಇದನ್ನೆಲ್ಲ ಮಾಡ್ತಿರೋದು."

"ಆಚೆ ಸಾಲಲ್ಲಿ ಎಷ್ಟು ಜನ ಸತ್ರು?"

"ಅದನ್ನ ಈಗ ಹೇಳೋ ಹಾಗಿಲ್ಲಮ್ಮ."

"ಯಾರೂ ಇಲ್ಲ," ಅಂದಳು ಪ್ರಶ್ನೆ ಸಿಸ್ಟರ್. ಟ್ಯಾಬಿನಿಂದ ಕಣ್ಣೆತ್ತದೆಯೇ ಅಂದಳು. "ಒಬ್ಬರೂ ಇಲ್ಲ ಅಕ್ಕ."

ಮೇಡಂ ಅವಳ ಕಡೆ ತಿರುಗಿ ನೋಡಿದರು. ಸಿಸ್ಟರ್ ಅಲ್ಲಿಗೇ ಬಾಯಿ ಮುಚ್ಚಿದಳು. ಅವಳಿಂದಾದದ್ದು ಅಷ್ಟು.

"ಒಂದು ಸಾಲು ನೋಡಿ ಏನೂ ಹೇಳೋಕಾಗಲ್ಲ," ಅಂದರು ಮೇಡಂ, ಮಾತು ಇನ್ನೂ ಮೆತ್ತಗೇ ಇತ್ತು. "ಇಂಥ ಎಷ್ಟೋ ಸಾಲುಗಳನ್ನ ನೋಡ್ತಿದೀವಿ. ನಿಮ್ಮ ಮಗಳ ವಿಷಯ ಪೂರ್ತಿ ಸಿಕ್ಕಿದ್ರೆ ಮುಂದೆ ಬೇರೆ ತಾಯಂದಿರು ಉಳೀತಾರೆ. ಯೋಚನೆ ಮಾಡಿ. ಅವಳ ಸಾವು ವ್ಯರ್ಥ ಆಗ್ಬಾರ್ದು."

"ಬೇರೆ ತಾಯಂದಿರು ಅಂದ್ರೆ ಯಾರು? ಯಾವ ಕಡೆಯವರು?"

"ಎಲ್ಲಾ ಕಡೆಯವರೂ. ಫಲಿತಾಂಶ ಬಂದ್ಮೇಲೆ ನಿಮ್ಮ ಸಾಲಿಗೂ ಕೊಡ್ತೀವಿ."

"ಸತ್ತವರನ್ನ ಎಣಿಸಿ ಮುಗಿದ ಮೇಲೆ."

ಬ್ಲೀಚಕ್ಕ ಎದ್ದು ನಿಂತಳು. ಅವಳು ಯಾರ ಮುಂದೆಯೂ ದನಿ ಎತ್ತಿದವಳಲ್ಲ. ಗುತ್ತಿಗೆದಾರ ತಾಯಿ ಎತ್ತಿ ಬೈದರೂ ತೊಟ್ಟಿ ನೋಡಿಕೊಂಡು ನಿಂತವಳು. ಡಾಕ್ಟರಮ್ಮ ಒಳ್ಳೇದು ಅಂದಾಗ ಸರಿ ಅಂತ ವಾಪಸು ಬಂದವಳು. ಸೇತುವೆಯ ಮೇಲೆ ಬೂಟು ಹಿಡಿದವಳು.

"ಹೇಳಲ್ಲ," ಅಂದಳು. "ಉಸಿರಾಡ್ತಿದ್ದಾಗ ರಕ್ತ ಕೊಟ್ಲು. ಕರೆದಾಗೆಲ್ಲ ತೋಳು ಚಾಚಿದ್ಲು. ನೀವು ಕೇಳಿದ್ದಕ್ಕೆಲ್ಲ ನಗ್ತಾ ನಗ್ತಾ ಉತ್ತರ ಕೊಟ್ಲು. ಅಷ್ಟು ಸಾಕು ನಿಮಗೆ. ಅವಳ ಸಾವು ಕೊಡಲ್ಲ. ಈಗ ಹೇಳಿದ್ನಲ್ಲ, ಅದನ್ನೂ ಅಳಿಸಿ. ಅಳಿಸು ಸಿಸ್ಟರ್! ನನ್ನ ಕಣ್ಮುಂದೆ ಅಳಿಸು."

ಸಿಸ್ಟರ್ ಮೇಡಂ ಮುಖ ನೋಡಿದಳು. ಮೇಡಂ ತಲೆಯಾಡಿಸಿದರು. ಟಿಕ್ ಟಿಕ್ ಅಂತ ಎಲ್ಲ ಅಳಿಯಿತು.

"ಪರವಾಗಿಲ್ಲಮ್ಮ," ಅಂದರು ಮೇಡಂ ಏಳುತ್ತ. "ಈ ಸಂಶೋಧನೆಯಿಂದ ಯಾವಾಗ ಬೇಕಾದ್ರೂ ಹೊರಗೆ ಹೋಗ್ಬಹುದು. ಅದು ನಿಮ್ಮ ಹಕ್ಕು."

ಹುಟ್ಟಿದಾಗಿನಿಂದ ಅವಳಿಗೆ ಯಾರೂ ಒಂದು ಹಕ್ಕು ಕೊಟ್ಟಿರಲಿಲ್ಲ. ಮೊದಲ ಸಲ ಕೊಟ್ಟರು. ಹೊರಗೆ ಹೋಗುವ ಹಕ್ಕು.

ಅವರು ಹೊರಟು ಪಕ್ಕದ ಮನೆಯ ಮುಂದೆ ನಿಂತರು. ಗಿಡ್ಡಕ್ಕನ ಸೊಸೆಗೆ ಆಗ ಏಳು ತುಂಬಿತ್ತು. ಬ್ಲೀಚಕ್ಕ ಓಡಿ ಹೋಗಿ ಆ ಬಾಗಿಲಿಗೆ ಅಡ್ಡ ನಿಂತಳು.

"ಬೇಡ ಗಿಡ್ಡಕ್ಕ. ಒಳಗೆ ಬಿಡ್ಬೇಡ ಇವರನ್ನ. ರಕ್ತ ಕೊಡ್ಬೇಡಿ. ನಾವೆಲ್ಲ ಕೊಡಲ್ಲ ಅಂದ್ರೆ ಮಾತ್ರೆ ತಂದೇ ತರ್ತಾರೆ. ಎಲ್ರೂ ಒಂದಾಗಿ ನಿಂತ್ರೆ..."

"ಬಿಡೇ, ದಾರಿ ಬಿಡು," ಅಂದಳು ಗಿಡ್ಡಕ್ಕ.

"ನೀನೇ ನೋಡಿದ್ಯಲ್ಲ, ತೋಳು ಹಿಡ್ಕೊಂಡಿದ್ದವಳು ನೀನೇ ಅಲ್ವಾ?"

"ನೋಡಿದೀನಿ. ಅದಕ್ಕೇ ಹೇಳ್ತಿರೋದು." ಗಿಡ್ಡಕ್ಕನ ದೊಡ್ಡ ಬಾಯಿಯಿಂದ ಆ ದಿನ ಸಣ್ಣ ಮಾತು ಬಂತು. "ನಿನ್ನ ಮಗಳು ಹೋದ್ಲು ಕಣೇ. ನನ್ನ ಸೊಸೆ ಇನ್ನೂ ಇದ್ದಾಳೆ. ಇವರು ಮಾತ್ರೆ ಕೊಡಲ್ಲ, ನಿಜ. ವಾರಕ್ಕೊಂದು ಸಲ ಬಂದು ಬಿಪಿ ನೋಡ್ತಾರೆ, ಮಗು ಎದೆಬಡಿತ ಕೇಳಿಸ್ತಾರೆ. ಇವರೂ ಬರದಿದ್ರೆ ಈ ಬಾಗಿಲಿಗೆ ಇನ್ಯಾರು ಬರ್ತಾರೆ ಹೇಳು? ಒಬ್ಬರ ಹೆಸರು ಹೇಳು, ಇವತ್ತೇ ಇವರನ್ನ ಓಡಿಸ್ತೀನಿ."

ಬ್ಲೀಚಕ್ಕ ಯೋಚಿಸಿದಳು. ನಿಜವಾಗಿಯೂ ಯೋಚಿಸಿದಳು. ಒಂದು ಹೆಸರೂ ಸಿಗಲಿಲ್ಲ.

ಅವಳು ಪಕ್ಕಕ್ಕೆ ಸರಿದಳು. ಸೊಸೆ ಹೊಸಿಲಲ್ಲೇ ಕೂತು ತೋಳು ಚಾಚಿದಳು. ಸಿಸ್ಟರ್ ರಬ್ಬರು ಕಟ್ಟಿ, ನರ ಹುಡುಕಿ, ಸೂಜಿ ಚುಚ್ಚಿದಳು. ಸೊಸೆ "ಅಯ್ಯೋ" ಅಂದಳು. ಆಸುಪಾಸಿನ ಹೆಂಗಸರು ಬಂದು ನಿಂತಿದ್ದರು. ಯಾರೂ ನಗಲಿಲ್ಲ, ಯಾರೂ ಬೇಡ ಅನ್ನಲೂ ಇಲ್ಲ.

ಬ್ಲೀಚಕ್ಕ ತನ್ನ ಮನೆಯೊಳಗೆ ಬಂದು ಕೂತಳು. ನಡುವೆ ಇದ್ದದ್ದು ಒಂದು ತಗಡು. ಆ ಕಡೆ ಮೇಡಂ ಮೆಲ್ಲಗೆ ಕೇಳುವುದು ಚೆನ್ನಾಗಿ ಕೇಳಿಸುತ್ತಿತ್ತು. "ಪಕ್ಕದ ಮನೆಯಲ್ಲಿ ಹೆರಿಗೆ ಆದಾಗ ನೀವೂ ಇದ್ರಂತೆ. ನಿಮಗೆ ಗೊತ್ತಿದ್ದಷ್ಟು ಹೇಳ್ಬಹುದಾ?"

ಗಿಡ್ಡಕ್ಕ ಸೊಸೆಗೆ ಒಳಗೆ ಹೋಗು ಅಂದಳು. ಆಮೇಲೆ ಹೇಳಿದಳು. ಜ್ವರ ಹೇಳಿದಳು, ನಡುಕ ಹೇಳಿದಳು, ವಾಸನೆ ಹೇಳಿದಳು. ಟಿಕ್, ಟಿಕ್, ಟಿಕ್.

"ಅವಳ ತಾಯಿ ಮುಟ್ಟೋ ಮೊದ್ಲು ಕೈ ತೊಳ್ಕೊಂಡಿದ್ರಾ?"

"ಅದೇನೋ ಮೇಡಂ. ನಾನು ತೋಳು ಹಿಡ್ಕೊಂಡಿದ್ದೆ. ತೊಳೆಯೋಕೆ ಹೊತ್ತೆಲ್ಲಿತ್ತು? ತೊಳ್ದಿರ್ಲಿಲ್ಲ ಅನ್ಸತ್ತೆ."

ಟಿಕ್.

ಮೇಡಂ ಥ್ಯಾಂಕ್ಸ್ ಹೇಳಿದರು. ಅವರ ಚಪ್ಪಲಿಯ ಸದ್ದು ಸೇತುವೆಯ ಕಡೆ ಹೋಯಿತು. ಬ್ಲೀಚಕ್ಕ ಕೂತಲ್ಲೇ ನೆನಪು ಮಾಡಿಕೊಂಡಳು. ಆ ದಿನ ಬಿಂದಿಗೆ ಎಲ್ಲಿತ್ತು? ಬಾಗಿಲ ಹತ್ತಿರ. ಸೋಪು ಎಲ್ಲಿತ್ತು? ಮಗಳು ಕೂಗಿದಳು, ತಾನು ಓಡಿದೆ, ಮಂಡಿಯೂರಿದೆ, ತಲೆ ಕಾಣುತ್ತಿತ್ತು. ಅದರ ಮೊದಲು? ತೊಳೆದೆನಾ? ಮತ್ತೆ ಮೊದಲಿಂದ ನೆನಪು ಮಾಡಿಕೊಂಡಳು. ಬಿಂದಿಗೆ, ಕೂಗು, ಓಟ, ಮಂಡಿ. ಹಗಲೆಲ್ಲ ನೀರಲ್ಲೇ ಇರುವ ಕೈಯನ್ನು ಯಾವಾಗ ತೊಳೆದೆ ಅಂತ ಯಾರು ನೆನಪಿಟ್ಟುಕೊಳ್ಳುತ್ತಾರೆ? ಎಷ್ಟು ಹಿಂಡಿದರೂ ಆ ಒಂದು ಗಳಿಗೆ ಬರಲಿಲ್ಲ. ಮೇಡಂ ಮುಂದೆ ಬಾಯಿ ಕಟ್ಟಿದ್ದಕ್ಕೆ ಸಿಟ್ಟೊಂದೇ ಕಾರಣವಲ್ಲ ಅಂತ ಅವಳಿಗೆ ಆಗ ಗೊತ್ತಾಯಿತು.

ಅವಳ ಕೈ ಯಾರನ್ನೂ ಕೊಂದಿಲ್ಲ. ಜಾಗವಿಲ್ಲ ಅಂದವರು ಇದ್ದಾರೆ, ಬ್ಯಾಗಿನೊಳಗೆ ಮಾತ್ರೆ ಇಟ್ಟುಕೊಂಡು ದಾಟಿಹೋದವರು ಇದ್ದಾರೆ, ಕೈಗವಸಿಗೆ ಬೀಗ ಹಾಕಿದವನು ಇದ್ದಾನೆ. ಅವರ ಕೈ ತೊಳೆದಿತ್ತೇ ಅಂತ ಯಾರೂ ಕೇಳಲಿಲ್ಲ. ಕೇಳಿದ್ದು ಇವಳೊಬ್ಬಳನ್ನು.

ಮಗು ಎದ್ದಿತು. ಹಸಿವಾಗಿತ್ತು, ಅಳತೊಡಗಿತು. ಬ್ಲೀಚಕ್ಕ ಬಾಟಲಿಗೆ ಹಾಲಿನ ಪುಡಿ ಹಾಕಿ ಕಲಸಿದಳು. ಎತ್ತಿಕೊಳ್ಳಲು ಬಗ್ಗಿದಳು. ಬಗ್ಗಿದವಳು ನಿಂತಳು. ಹೊರಗೆ ಹೋಗಿ ಸೋಪು ಹಚ್ಚಿ ಕೈ ತೊಳೆದಳು. 'ಬಂದೆ ಮಗಾ, ಬಂದೆ' ಅನ್ನುತ್ತ ಒಳಗೆ ಬಂದು ಮತ್ತೆ ಕೈ ನೋಡಿಕೊಂಡಳು. ಮತ್ತೆ ಹೋಗಿ ತೊಳೆದಳು. ಬೆರಳ ಸಂದಿಯ ಸೀಳು ಬಾಯಿಬಿಟ್ಟು ರಕ್ತ ಬಂತು. ರಕ್ತ ಬಂದದ್ದಕ್ಕೆ ಇನ್ನೊಮ್ಮೆ ತೊಳೆದಳು. ಮಗು ಅತ್ತು ಅತ್ತು ಕೆಂಪಾಯಿತು.

ಕೊನೆಗೆ ಹಗ್ಗದ ಮೇಲಿದ್ದ ಟವೆಲು ಎಳೆದು ಎರಡೂ ಕೈಗೆ ಸುತ್ತಿಕೊಂಡಳು. ಹಾಗೆ, ತನ್ನ ಮೈ ಎಲ್ಲೂ ತಾಗದ ಹಾಗೆ, ಮೊಮ್ಮಗಳನ್ನು ಎತ್ತಿಕೊಂಡಳು.